ತಾಲಿಬಾನ್‌ಗೆ ಎದುರು ನಿಂತ ಬುಡಕಟ್ಟು ದಂಡು

ಲಷ್ಕರ್ ಎಂದೊಡನೆ ಇಂದು ನೆನಪಾಗುವುದು ಭಯೋತ್ಪಾದಕ ಸಂಘಟನೆಯೊಂದರ ಹೆಸರು. ಆದರೆ ಆ ಪದಕ್ಕೆ ದಂಡು ಎಂಬುದಷ್ಟೇ ಅರ್ಥ. ಪಾಕಿಸ್ತಾನ–ಆಫ್ಘಾನಿಸ್ತಾನ ಗಡಿಯ ಪಷ್ತೂನ್ ಬುಡಕಟ್ಟುಗಳಲ್ಲಿ ಅದು ಊರವರೇ ಕಟ್ಟಿಕೊಳ್ಳುವ ಪಡೆ. 2008ರ ಸುಮಾರಿಗೆ ಇಂಥ ಹಲವು ದಂಡುಗಳು ತಾಲಿಬಾನ್ ವಿರುದ್ಧವೇ ಬಂದೂಕು ಎತ್ತಿದವು.

ದಂಡು ಕೂಡುವ ಮೊದಲು ಜಿರ್ಗಾ ಸೇರಬೇಕು. ಜಿರ್ಗಾ ಎಂದರೆ ಹಿರಿಯರ ಪಂಚಾಯಿತಿ. ಬಯಲಿನಲ್ಲಿ, ಎಲ್ಲರ ಎದುರು ನಡೆಯುವಂಥದು. ಅಲ್ಲಿ ತೀರ್ಮಾನವಾದರೆ ಗಂಡಸರು ತಮ್ಮ ತಮ್ಮ ಬಂದೂಕು ಹಿಡಿದು ಹೊರಡುತ್ತಾರೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ತಪ್ಪಿಸಿಕೊಂಡವರಿಗೆ ದಂಡ ಬೀಳುತ್ತದೆ. ಕೆಲಸ ಮುಗಿದರೆ ದಂಡು ಚದುರುತ್ತದೆ. 1947ರ ಅಕ್ಟೋಬರ್‌ನಲ್ಲಿ ಕಾಶ್ಮೀರಕ್ಕೆ ನುಗ್ಗಿದ್ದೂ ಇಂಥ ಲಷ್ಕರ್‌ಗಳೇ.

ಈ ಸೀಮೆಯನ್ನು ಬ್ರಿಟಿಷರು 1901ರ ಗಡಿ ಅಪರಾಧ ಕಾಯ್ದೆಯಡಿ, ಮಲಿಕ್ ಎಂಬ ಮುಖಂಡರ ಮೂಲಕ ಆಳಿದರು. ಸ್ವಾತಂತ್ರ್ಯಾನಂತರ ಪಾಕಿಸ್ತಾನವೂ ಅದನ್ನೇ ಮುಂದುವರಿಸಿತು. 2001ರಲ್ಲಿ ಆಫ್ಘಾನಿಸ್ತಾನದಲ್ಲಿ ತಾಲಿಬಾನ್ ಆಡಳಿತ ಕುಸಿದಾಗ ಅದರ ಹೋರಾಟಗಾರರೂ ಅಲ್ ಖೈದಾದವರೂ ಇಲ್ಲಿಗೆ ಬಂದು ನೆಲೆಸಿದರು. ಎದುರು ಮಾತಾಡಬಲ್ಲ ಮಲಿಕರನ್ನು ಉಗ್ರರು ಒಬ್ಬೊಬ್ಬರಾಗಿ ಮುಗಿಸತೊಡಗಿದರು. ಹೀಗೆ ನೂರಾರು ಹಿರಿಯರು ಹತರಾದರು.

ಇದಕ್ಕೆ ಮೊದಲು ತಿರುಗಿಬಿದ್ದವರಲ್ಲಿ ಬಜೌರ್‌ನ ಸಲಾರ್‌ಜೈ ಬುಡಕಟ್ಟಿನವರೂ ಸೇರಿದ್ದರು. 2008ರಲ್ಲಿ ಅವರು ದಂಡು ಕಟ್ಟಿ ಉಗ್ರರನ್ನು ಅಟ್ಟಿದರು. ಅವರ ಮನೆಗಳಿಗೆ ಬೆಂಕಿ ಇಟ್ಟರು. ಆದರೆ ಬಯಲಿನಲ್ಲಿ ಸೇರುವ ಜಿರ್ಗಾ ಎದುರಾಳಿಗೆ ಸುಲಭದ ಗುರಿಯೂ ಆಯಿತು. ಆ ವರ್ಷದ ಅಕ್ಟೋಬರ್ 10ರಂದು ಒರಕ್‌ಜೈ ಪ್ರದೇಶದಲ್ಲಿ ಅಲಿಖೇಲ್ ಬುಡಕಟ್ಟಿನ ಜಿರ್ಗಾ ನಡೆದಿತ್ತು. ಸ್ಫೋಟಕ ತುಂಬಿದ ವಾಹನವೊಂದು ಸಭೆಗೆ ನುಗ್ಗಿತು. ಹತ್ತಾರು ಜನ ಸತ್ತರು. ನವೆಂಬರ್ 6ರಂದು ಸಲಾರ್‌ಜೈ ಹಿರಿಯರ ಸಭೆಯಲ್ಲೂ ಆತ್ಮಾಹುತಿ ದಾಳಿ ನಡೆಯಿತು.

ದಂಡು ಕಟ್ಟಲು ಸರ್ಕಾರ ಹುರಿದುಂಬಿಸಿತೇ ಹೊರತು ಬೆನ್ನಿಗೆ ನಿಂತದ್ದು ಕಡಿಮೆ. ಭರವಸೆ ಕೊಟ್ಟಷ್ಟು ಹಣ, ಮದ್ದುಗುಂಡು ಬರುತ್ತಿಲ್ಲವೆಂದು ಪೆಷಾವರ ಸಮೀಪದ ಅಡೆಜೈ ಹಳ್ಳಿಯ ದಂಡಿನವರು ದೂರಿದ್ದರು. 2011ರ ಮಾರ್ಚ್ 9ರಂದು ಅಲ್ಲಿ ಶವಸಂಸ್ಕಾರಕ್ಕೆ ಸೇರಿದ್ದವರ ನಡುವೆಯೇ ಬಾಂಬ್ ಸಿಡಿದು 30ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು.

ಹಳೆಯ ಲಷ್ಕರ್ ಕೆಲವು ದಿನಗಳ ಜಗಳಕ್ಕೆಂದು ರೂಪುಗೊಂಡಿದ್ದ ವ್ಯವಸ್ಥೆ. ಅದರ ಎದುರಾಳಿಯಾದರೋ ವರ್ಷವಿಡೀ ಹೋರಾಡುವ, ಸಂಬಳ–ತರಬೇತಿ ಇರುವ ಪಡೆ. ರಾತ್ರಿ ಮನೆಗೆ ಮರಳಿದ ರೈತನ ಹೆಸರು, ಮನೆ, ಹೊಲ ಎಲ್ಲವೂ ಶತ್ರುವಿಗೆ ಗೊತ್ತಿತ್ತು.

2018ರಲ್ಲಿ ಈ ಪ್ರದೇಶ ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದಲ್ಲಿ ವಿಲೀನವಾಯಿತು. ಕಾವಲಿನ ಹೊಣೆ ಪೊಲೀಸರಿಗೆ, ನ್ಯಾಯದ ಹೊಣೆ ಕೋರ್ಟುಗಳಿಗೆ ಸೇರಿತು. ಆದರೆ 2021ರಲ್ಲಿ ಕಾಬೂಲ್ ಮತ್ತೆ ತಾಲಿಬಾನ್ ವಶವಾದ ಮೇಲೆ ಇಲ್ಲಿ ದಾಳಿಗಳು ಹೆಚ್ಚಿದವು. ಊರು ಕಾಯುವವರು ಯಾರೆಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು.