ವಾಲಿಬಾಲ್ ಆಟಗಾರರ ಮೊಣಕಾಲು ಶಸ್ತ್ರಚಿಕಿತ್ಸೆ ಮತ್ತು ಪುನಶ್ಚೇತನ

ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಅಸ್ಥಿರಜ್ಜನ್ನು ಎ.ಸಿ.ಎಲ್. ಎನ್ನುತ್ತಾರೆ. ವಾಲಿಬಾಲ್‌ನಲ್ಲಿ ಸ್ಮ್ಯಾಷ್ ಅಥವಾ ಬ್ಲಾಕ್ ಮಾಡಿ ಒಂದೇ ಕಾಲಿನ ಮೇಲೆ ಇಳಿಯುವಾಗ, ಎದುರಾಳಿಯ ಸ್ಪರ್ಶವೇ ಇಲ್ಲದೆ ಇದು ಹರಿಯುವುದುಂಟು. ಹರಿದ ರಜ್ಜಿನ ಜಾಗದಲ್ಲಿ ಆಟಗಾರನದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದ ಸ್ನಾಯುರಜ್ಜನ್ನು ಕಸಿ ಮಾಡುವುದು ವಾಡಿಕೆ.

ಪುನಶ್ಚೇತನ

ಮೊದಲ ವಾರಗಳಲ್ಲಿ ಬಾವು ಇಳಿಸುವುದು, ಕಾಲನ್ನು ಪೂರ್ತಿ ನೀಡಲು ಕಲಿಯುವುದು ಹಾಗೂ ತೊಡೆಯ ಮುಂಭಾಗದ ಸ್ನಾಯುವನ್ನು ಮತ್ತೆ ದುಡಿಸುವುದು ಮುಖ್ಯ. ಓಟ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳ ನಂತರ. ನೆಗೆತ ಅದಕ್ಕೂ ತಡವಾಗಿ. ಕಸಿಯ ರಜ್ಜು ಆರಂಭದ ತಿಂಗಳುಗಳಲ್ಲಿ ದುರ್ಬಲಗೊಂಡು ಬಳಿಕ ನಿಧಾನವಾಗಿ ಗಟ್ಟಿಯಾಗುತ್ತದೆ. ನೋವು ಮಾತ್ರ ಅದಕ್ಕಿಂತ ಬಹಳ ಮೊದಲೇ ಮಾಯವಾಗಿರುತ್ತದೆ.

ಅಪಾಯವಿರುವುದು ಇಲ್ಲಿಯೇ. ಮೂಡುಬಿದಿರೆ–ಕಾರ್ಕಳ ರಸ್ತೆಯ ಬೆಳುವಾಯಿಯ ಸುತ್ತಮುತ್ತ, ಕರಾವಳಿಯ ಇತರ ಊರುಗಳಂತೆಯೇ, ಮಳೆಗಾಲ ಕಳೆದೊಡನೆ ಹೊನಲು ಬೆಳಕಿನ ಪಂದ್ಯಾಟಗಳ ಕಾಲ. ಜೂನ್‌ನಲ್ಲಿ ಶಸ್ತ್ರಚಿಕಿತ್ಸೆಯಾದ ವಿದ್ಯಾರ್ಥಿಗೆ ಡಿಸೆಂಬರಿನಲ್ಲಿ ಕಾಲು ಸರಿಯಾದಂತೆಯೇ ತೋರುತ್ತದೆ, ತಂಡದವರೂ ಕರೆಯುತ್ತಾರೆ. ಮೂರು ವರ್ಷದ ಪದವಿಯಲ್ಲಿ ಒಂದು ಋತುವನ್ನು ಬಿಡುವುದು, ಅದರಲ್ಲೂ ಆಟದ ಬಲದಿಂದಲೇ ಓದುವವರಿಗೆ, ಸಣ್ಣ ನಷ್ಟವಲ್ಲ. ಆದರೆ 2016ರಲ್ಲಿ ಪ್ರಕಟವಾದ ಡೆಲವೇರ್–ಓಸ್ಲೋ ಅಧ್ಯಯನದಲ್ಲಿ, ಒಂಬತ್ತನೆಯ ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಶೇ. 51ರಷ್ಟು ತಗ್ಗಿದ್ದು ಕಂಡುಬಂದಿತು.

ತಿಂಗಳ ಲೆಕ್ಕವೊಂದೇ ಸಾಲದು. ಶಸ್ತ್ರಚಿಕಿತ್ಸೆಯಾದ ಕಾಲಿನ ತೊಡೆಯ ಬಲವೂ ಒಂಟಿಕಾಲಿನ ನೆಗೆತದ ದೂರವೂ ಇನ್ನೊಂದು ಕಾಲಿನ ಕನಿಷ್ಠ ಶೇ. 90ರಷ್ಟಾದ ಬಳಿಕವೇ ಅಂಕಣಕ್ಕೆ ಮರಳಲು ಫಿಸಿಯೋಥೆರಪಿಸ್ಟರು ಸಾಮಾನ್ಯವಾಗಿ ಒಪ್ಪುತ್ತಾರೆ.