ಶವಸಂಸ್ಕಾರ ಮತ್ತು ಶೋಕಾಚರಣೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಸಾವಿನ ಆಚರಣೆಗಳು ಜಾತಿ, ಮತಗಳಿಗೆ ತಕ್ಕಂತೆ ಬೇರೆಬೇರೆ. ಹೂಳುವುದೋ ಸುಡುವುದೋ ಎಂಬುದು ಹೊರಗೆ ಕಾಣುವ ವ್ಯತ್ಯಾಸ. ಸೂತಕ ಉಂಟೇ, ಅಳಬಹುದೇ, ಎಷ್ಟು ದಿನ ಅಳಬೇಕು ಎಂಬಲ್ಲಿ ಅದಕ್ಕಿಂತ ಆಳವಾದ ಭಿನ್ನತೆಯಿದೆ.

ಹೂಳುವ ರೂಢಿ ಇಲ್ಲಿ ಬಹಳ ಹಳೆಯದು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯಲ್ಲಿಯೇ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ನಡೆಸಿದರು. ಆಗ ಬೃಹತ್ ಶಿಲಾಯುಗದ ಸಮಾಧಿಗಳೂ ಸಿಕ್ಕವು.

ಲಿಂಗಾಯತರು ಸಾವನ್ನು ಲಿಂಗೈಕ್ಯವೆನ್ನುತ್ತಾರೆ. ಶರಣ ಸಿದ್ಧಾಂತದ ಪ್ರಕಾರ ಪ್ರೇತಸೂತಕವೂ ಸೇರಿ ಪಂಚಸೂತಕಗಳಿಲ್ಲ. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಕೂರಿಸುತ್ತಾರೆ. ರಾತ್ರಿಯಿಡೀ ಭಜನೆ. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಮೆರವಣಿಗೆ ಹೊರಡುತ್ತದೆ. ಕ್ರಿಯಾ ಸಮಾಧಿಯಲ್ಲಿ ಎಡಗೈ ಮೇಲೆ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿದ ಮೇಲೆ ಬಂದವರೆಲ್ಲ ಹಿಡಿಹಿಡಿಯಾಗಿ ಮಣ್ಣು ಕೊಡುತ್ತಾರೆ. ಸಾವಿಗೆ ಹೋಗಿಬಂದುದನ್ನು ‘ಮಣ್ಣಿಗೆ ಹೋಗಿದ್ದೆ’ ಎಂದೇ ಜನ ಹೇಳುವುದು. ಜಂಗಮರು ಮೃತರ ತಲೆಯ ಮೇಲೆ ಪಾದವಿಡುವ ಪದ್ಧತಿಗೆ ಸುಧಾರಕರ ಆಕ್ಷೇಪವಿದೆ. ಸಿದ್ಧಾಂತ ಸೂತಕವನ್ನು ಒಪ್ಪದಿದ್ದರೂ ಮನೆತನದ ರೂಢಿಯಂತೆ ‘ದಿನ’ (ಸತ್ತವರ ಹೆಸರಿನ ಕಾರ್ಯ) ಮಾಡುವುದು ಮಾತ್ರ ನಿಂತಿಲ್ಲ. ಗ್ರಂಥಕ್ಕಿಂತ ಓಣಿಯ ಹಿರಿಯರ ಮಾತೇ ಇಲ್ಲಿ ನಡೆಯುತ್ತದೆ.

ಅಂಗಳದಲ್ಲಿ ಗಂಡಸರು ಭಜನೆಗೆ ತಾಳ ಹಾಕುತ್ತಿದ್ದರೆ ಒಳಗೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಕೊಡಿಸಿದ ಸೀರೆ, ತೀರಿಸದೆ ಹೋದ ಮಾತು ಎಲ್ಲವೂ ಆ ಅಳುವಿನಲ್ಲಿ ಬರುತ್ತವೆ. ಇದನ್ನು ಬರೀ ಗೋಳಾಟ ಎಂದು ತಳ್ಳಿಹಾಕುವುದು ಸರಿಯಲ್ಲ. ಅದು ಕಟ್ಟಿ ಹಾಡುವ ಕಲೆಯೂ ಹೌದು.

ಮುಸ್ಲಿಮರಲ್ಲಿ ಗುಸ್ಲ್ (ಶವಸ್ನಾನ), ಕಫನ್ (ಶವವಸ್ತ್ರ), ಜನಾಜಾ ನಮಾಜ್ ಮುಗಿಸಿ ಆದಷ್ಟು ಬೇಗ ದಫನ ಮಾಡುತ್ತಾರೆ. ಎದೆ ಬಡಿದುಕೊಂಡು ರೋದಿಸುವುದನ್ನು ಸುನ್ನಿ ಪಂಡಿತರು ಒಪ್ಪುವುದಿಲ್ಲ. ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಎಂಬ ಕಾಯುವ ಅವಧಿ ಇದೆ.

ಹಾಗಿದ್ದೂ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹೆಸರಾಗಿರುವುದು ಒಂದು ಸಾವಿನ ಸ್ಮರಣೆಗೇ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ, ಪ್ರವಾದಿಯವರ ಮೊಮ್ಮಗ ಹುಸೇನರ ನೆನಪಿನ ಮೊಹರಂನಲ್ಲಿ ಹುಸೇನಿ ಆಲಂ (ಪವಿತ್ರ ಲಾಂಛನ) ದರ್ಶನಕ್ಕೆ ಎಲ್ಲ ಜಾತಿಯ ಜನ ಸೇರುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ರಿವಾಯತ್ ಎಂಬ ಮೊಹರಂ ಪದಗಳಲ್ಲಿ ಕರ್ಬಲಾದ ಕಥೆ ಕನ್ನಡದಲ್ಲೇ ಸಾಗುತ್ತದೆ. ಶೋಕವೂ ಜಾತ್ರೆಯೂ ಬೆರೆತ ಇದನ್ನು ಎದೆ ಬಡಿದುಕೊಳ್ಳುವ ಶಿಯಾ ಮಾತಮ್‌ನೊಂದಿಗೆ ಹೋಲಿಸಿ ಅಳೆಯಲಾಗದು. ಮುದಗಲ್ಲಿನಲ್ಲಿ ಹಳೆಯ ಕ್ಯಾಥೊಲಿಕ್ ಸಮುದಾಯವೂ ಇದೆ. ನವೆಂಬರ್ 2 ಅವರಿಗೆ ಮೃತರನ್ನು ನೆನೆಯುವ ದಿನ.

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರು ಬಳಿಯ ಆರ್‌.ಎಚ್‌. ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಕಲ್ಪಿಸಲಾಯಿತು. ಬಂಗಾಳಿ ಹಿಂದೂ ಸಂಪ್ರದಾಯದಲ್ಲಿ ಶವವನ್ನು ಸುಡುತ್ತಾರೆ. ಅಶೌಚದ ದಿನಗಳಲ್ಲಿ ಮಗ ಹೊಲಿಗೆಯಿಲ್ಲದ ಬಿಳಿ ಬಟ್ಟೆ ಉಟ್ಟು ಸಪ್ಪೆ ಹವಿಷ್ಯಾನ್ನ ಉಣ್ಣುತ್ತಾನೆ. ಶ್ರಾದ್ಧ ಮುಗಿದ ಮೇಲೆ ಬಂಧುಗಳೊಂದಿಗೆ ಮೀನೂಟ ಮಾಡಿದರೇ ವ್ರತ ಬಿಟ್ಟಂತೆ. ಪಕ್ಕದೂರಿನ ಲಿಂಗಾಯತ ಮನೆಯ ಮೃತರ ಹೆಸರಿನ ಶಿವಗಣಾರಾಧನೆಯ ಊಟದ ಪಂಕ್ತಿಯಲ್ಲಿ ಮೀನಿನ ಸುಳಿವೂ ಇರದು.

ಹೂಳುವವರಿಗೆ ನೆಲದ ಪ್ರಶ್ನೆ ಎದುರಾಗುತ್ತದೆ. ಹೊಲವುಳ್ಳವರು ಹೊಲದಲ್ಲೇ ಸಮಾಧಿ ಕಟ್ಟುತ್ತಾರೆ. ಇಲ್ಲದವರು ರುದ್ರಭೂಮಿಯನ್ನೋ ಹಳ್ಳದ ದಂಡೆಯನ್ನೋ ನೆಚ್ಚಬೇಕು. ದಲಿತ ಕೇರಿಗಳು ಸ್ಮಶಾನಕ್ಕೆ ಜಾಗ ಕೇಳಿ ತಹಸೀಲ್ದಾರರ ಕಚೇರಿಗೆ ಮನವಿ ಒಯ್ಯುವುದು ಕರ್ನಾಟಕದ ಇತರೆಡೆಯಂತೆ ಇಲ್ಲಿಯೂ ಇದೆ.