ಬಿಚ್ಚುವುದಕ್ಕೆಂದೇ ಹಾಕಿದ ಹೊಲಿಗೆ

ಹದಿನೆಂಟನೆಯ ಶತಮಾನದ ಬಟ್ಟೆ ವ್ಯಾಪಾರವನ್ನು ಕುರಿತು ನಾವು ಪ್ರಸಾರ ಮಾಡಿದ ಸಂವಾದವನ್ನು ನೋಡಿದ ವೀಕ್ಷಕರೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಕಾರ್ಯಕ್ರಮದ ನಡುವೆ ಎರಡು ನಿಮಿಷ ಕಾಣಿಸಿಕೊಂಡ ಇಂಗ್ಲಿಷ್ ಗೌನನ್ನು ಮನೆಯಲ್ಲಿ ಕೈಯಿಂದಲೇ ಹೊಲಿದದ್ದು ಎಂದು ನಿರೂಪಕರು ಹೇಳಿದರಲ್ಲ, ಮಷೀನಿನಲ್ಲಿ ಹೊಲಿದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ನ್ಯಾಯವಾದ ಪ್ರಶ್ನೆ. ಆ ಗೌನನ್ನು ಹೊಲಿದದ್ದು ನಾನು ಮತ್ತು ನನ್ನ ತಾಯಿ. ಆದ್ದರಿಂದ ಉತ್ತರ ಕೊಡಬೇಕಾದದ್ದೂ ನಾನೇ.

ಮೊದಲು ಮಷೀನಿನಲ್ಲೇ ಹೊಲಿಸಿದ್ದೆವು. ದೂರದಿಂದ ಚೆನ್ನಾಗಿಯೇ ಕಂಡಿತು. ಕ್ಯಾಮೆರಾ ಹತ್ತಿರ ಹೋದೊಡನೆ ಶಾಲಾ ವಾರ್ಷಿಕೋತ್ಸವದ ವೇಷವಾಗಿಬಿಟ್ಟಿತು. ತಪ್ಪು ಹೊಲಿದವರದಲ್ಲ. ಎಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ. ನಮಗೆ ಬೇಕಾಗಿದ್ದ ಗೌನು 1780ರ ಸುಮಾರಿನದು. ಮೇಲೊಂದು ಕೆಳಗೊಂದು ದಾರವನ್ನು ಹೆಣೆದು ಬಟ್ಟೆಯನ್ನು ಬಿಗಿಹಿಡಿಯುವುದು ಯಂತ್ರದ ರೀತಿ. ಅದರಿಂದಾಗಿ ಬೆನ್ನಿನ ಮೇಲೆ ಹರಿದು ಇಳಿಯಬೇಕಾದ ನೆರಿಗೆಗಳು ಹಲಗೆಯಂತೆ ನಿಂತಿದ್ದವು.

ಇಂಥ ಉಡುಪುಗಳನ್ನು ಮರಳಿ ಹೊಲಿಯುವವರೆಲ್ಲರಿಗೂ ದಾರಿ ತೋರಿಸಿದವರು ಇಂಗ್ಲೆಂಡಿನ ಜಾನೆಟ್ ಅರ್ನಾಲ್ಡ್. ಸಂಗ್ರಹಾಲಯಗಳಲ್ಲಿ ಉಳಿದಿದ್ದ ಹಳೆಯ ಗೌನುಗಳನ್ನು ಅಂಗುಲ ಅಂಗುಲವಾಗಿ ಅಳೆದು, ಪ್ರತಿಯೊಂದು ತುಂಡಿನ ನಕ್ಷೆ ಬರೆದು 1964ರಲ್ಲಿ ಅವರು 'ಪ್ಯಾಟರ್ನ್ಸ್ ಆಫ್ ಫ್ಯಾಷನ್' ಎಂಬ ಪುಸ್ತಕದ ಮೊದಲ ಭಾಗವನ್ನು ಪ್ರಕಟಿಸಿದರು. ಆದರೆ ಆ ಕಾಲದ ದರ್ಜಿ ಹೆಂಗಸರಿಗೆ ಇಂಥ ಕಾಗದದ ನಕ್ಷೆ ಇರಲಿಲ್ಲ. ಅವರು ನಾರುಬಟ್ಟೆಯ ಅಸ್ತರನ್ನು ಉಡುವವಳ ಮೈಮೇಲೆಯೇ ಗುಂಡುಸೂಜಿ ಚುಚ್ಚಿ ಹೊಂದಿಸುತ್ತಿದ್ದರು, ಅದರ ಮೇಲೆ ಬೆಲೆಯ ಬಟ್ಟೆಯನ್ನು ಹರಡಿ, ಬೆನ್ನಿನ ನೆರಿಗೆಗಳನ್ನು ಹಿಡಿದು, ಹೊರಗಿನಿಂದಲೇ ಹೊಲಿಯುತ್ತಿದ್ದರು. ತೋಳಿನ ಕೆಳಭಾಗಕ್ಕೆ ಗಟ್ಟಿ ಹೊಲಿಗೆ, ಭುಜದ ಮೇಲೆ ಕೇವಲ ಹೊಂದಿಕೆ. ಎದೆಯ ಮೇಲೆ ಗುಂಡಿಯಿಲ್ಲ, ಕಾಜವಿಲ್ಲ, ಅನೇಕ ಗೌನುಗಳನ್ನು ಉಟ್ಟಮೇಲೆ ಗುಂಡುಸೂಜಿಗಳಿಂದಲೇ ಮುಚ್ಚುತ್ತಿದ್ದರು. ನಮ್ಮ ನಟಿ ಇದನ್ನು ಕೇಳಿ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ವಿಜ್ಞಾನದ ವಿದ್ಯಾರ್ಥಿ, ಅಚ್ಚುಕಟ್ಟಿನ ಹುಚ್ಚು ಸ್ವಲ್ಪ ಹೆಚ್ಚು. ದಾರಕ್ಕೆ ಜೇನುಮೇಣ ಸವರಿ, ಬೆರಳಿಗೆ ಅಂಗುಸ್ತಾನ ಹಾಕಿಕೊಂಡು, ಎರಡು ಭಾನುವಾರ ಕುಳಿತು ಇರುವೆ ಸಾಲಿನಂಥ ಸಣ್ಣ ಹೊಲಿಗೆ ಹಾಕಿದೆ. ತೊಡಿಸಿ ನೋಡಿದರೆ ಭುಜ ಸರಿಯಿಲ್ಲ. ಬಿಚ್ಚಲು ಕುಳಿತರೆ ದಾರದ ಜೊತೆ ಬಟ್ಟೆಯೂ ಹರಿಯಿತು. ಅಮ್ಮ ನೋಡಿ, "ಹೀಗೆ ಒತ್ತೊತ್ತಾಗಿ ಹೊಲಿದರೆ ನಾಳೆ ಬಿಚ್ಚೋರು ಯಾರು?" ಎಂದರು. ನಾವು ಮಕ್ಕಳಾಗಿದ್ದಾಗ ಲಂಗಕ್ಕೂ ಅಂಗಿಗೂ "ಬೆಳೆಯೋ ಮಕ್ಕಳು, ಒಳಗೆ ಬಟ್ಟೆ ಬಿಟ್ಟು ಹೊಲೀರಿ" ಎಂದು ದರ್ಜಿಗೆ ತಪ್ಪದೆ ಹೇಳುತ್ತಿದ್ದವರು ಅವರು. ಆ ಮಾತನ್ನು ಕೇಳಿದ ಮೇಲೆಯೇ ನಾನು ಅರ್ನಾಲ್ಡ್ ಅವರ ನಕ್ಷೆಗಳನ್ನು ಮತ್ತೆ ಸರಿಯಾಗಿ ನೋಡಿದ್ದು.

ಹಳೆಯ ಗೌನುಗಳ ಒಳಭಾಗ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಹೊರಗೆ ರೇಷ್ಮೆ, ಒಳಗೆ ಉದ್ದುದ್ದ ಹೊಲಿಗೆ, ಮಡಚದೆ ಬಿಟ್ಟ ಅಂಚು, ಕತ್ತರಿಸದೆ ಒಳಗೇ ಮಡಿಸಿಟ್ಟ ಬಟ್ಟೆ. ಇದು ಸೋಮಾರಿತನವಲ್ಲ. ಆ ಕಾಲದ ಲೆಕ್ಕದಲ್ಲಿ ರೇಷ್ಮೆಗೆ ಪೌಂಡುಗಳು ಬೇಕಾದರೆ ಹೊಲಿಗೆಯ ಕೂಲಿಗೆ ಕೆಲವು ಷಿಲ್ಲಿಂಗ್ ಸಾಕಾಗುತ್ತಿತ್ತು. ಬಟ್ಟೆಯೇ ಆಸ್ತಿ. ಫ್ಯಾಷನ್ ಬದಲಾದಾಗ ಗೌನನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿಯಬೇಕು. ಭುಜದಿಂದ ನೆಲದವರೆಗೆ ಸಡಿಲವಾಗಿ ಇಳಿಯುವ ನೆರಿಗೆಯ ಫ್ರೆಂಚ್ ಮಾದರಿಯ ಗೌನುಗಳನ್ನು 1770–80ರ ದಶಕಗಳಲ್ಲಿ ಬೆನ್ನಿಗೆ ಅಂಟಿಸಿದಂಥ ಇಂಗ್ಲಿಷ್ ಮಾದರಿಗೆ ಹೀಗೆಯೇ ಬದಲಾಯಿಸಿದರು. ಹಳೆಯ ಮಡಿಕೆಯ ಗೆರೆ, ಹಳೆಯ ಸೂಜಿಯ ತೂತು ಇಂದಿಗೂ ಕಾಣುತ್ತವೆ.

ಬಾರ್ಬರಾ ಜಾನ್ಸನ್ ಎಂಬ ಪಾದ್ರಿಯ ಮಗಳು 1746ರಿಂದ 1823ರವರೆಗೆ ತಾನು ಹೊಲಿಸಿಕೊಂಡ ಉಡುಪುಗಳ ಬಟ್ಟೆಯ ಚೂರುಗಳನ್ನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಜೋಡಿಸಿಟ್ಟಳು. ಎಷ್ಟು ಗಜ, ಗಜಕ್ಕೆ ಎಷ್ಟು ಬೆಲೆ, ಯಾವ ಉಡುಪಿಗೆ ಎಂದು ಪಕ್ಕದಲ್ಲಿ ಬರೆದಳು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಆ ಪುಸ್ತಕವಿದೆ. ಅದು ಬಟ್ಟೆಯ ಚರಿತ್ರೆ, ಹೊಲಿದ ಕೈಗಳದ್ದಲ್ಲ.

ಬಟ್ಟೆ ತಯಾರಿಸಿದ ಕೈಗಳ ಹೆಸರಂತೂ ಇಲ್ಲವೇ ಇಲ್ಲ. ಚಿಂಟ್ಸ್ ಎಂದು ಯುರೋಪು ಮರುಳಾದ ಹೂಬಟ್ಟೆ ನಮ್ಮ ಕೋರಮಂಡಲ ತೀರದ್ದು. ಹತ್ತಿಗೆ ಬಣ್ಣ ಹಿಡಿಯುವುದು ಸುಲಭವಲ್ಲ. ಪಟಿಕದ ನೀರಿನಲ್ಲಿ ಚಿತ್ರ ಬರೆದು ಚಾಯ ಬೇರಿನ ಬಣ್ಣದಲ್ಲಿ ಕುದಿಸಿದರೆ ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಕಚ್ಚಿ ನಿಲ್ಲುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಕಪ್ಪು ಗೆರೆಗೆ ಬೆಲ್ಲದ ನೀರಿನಲ್ಲಿ ಹುಳಿಸಿದ ಕಬ್ಬಿಣ. ಆ ಕಬ್ಬಿಣವೇ ನೂರಾರು ವರ್ಷಗಳಲ್ಲಿ ನೂಲನ್ನು ತಿನ್ನುವುದರಿಂದ ಹಳೆಯ ಚಿಂಟ್ಸ್‌ನಲ್ಲಿ ಹೂವು ಉಳಿದು ಅದರ ಗೆರೆ ತೂತಾಗಿರುವುದುಂಟು. ಒಗೆದರೂ ಹೋಗದ ಈ ಬಣ್ಣಕ್ಕೆ ಅಲ್ಲಿನ ನೇಕಾರರು ಹೆದರಿದರು. ಫ್ರಾನ್ಸ್ 1686ರಿಂದ 1759ರವರೆಗೆ ಇದನ್ನು ನಿಷೇಧಿಸಿತು. 1719ರಲ್ಲಿ ಲಂಡನ್ನಿನ ಬೀದಿಗಳಲ್ಲಿ ರೇಷ್ಮೆ ನೇಕಾರರು ಹೂಬಟ್ಟೆ ಉಟ್ಟ ಹೆಂಗಸರ ಮೈಮೇಲಿನ ಗೌನುಗಳನ್ನೇ ಹರಿದರು. 1721ರ ಕಾನೂನು ಅದನ್ನು ಉಡುವುದನ್ನೇ ಅಪರಾಧವಾಗಿಸಿತು. ಇಂಗ್ಲೆಂಡಿನಲ್ಲೇ ಅಚ್ಚು ಹಾಕಿದ ಹತ್ತಿಬಟ್ಟೆಗೆ 1774ರಲ್ಲಿ ಅನುಮತಿ ಸಿಕ್ಕಿತಾದರೂ ನಮ್ಮದಕ್ಕೆ ಸಿಗಲಿಲ್ಲ. ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್‌ನ ಮನೆಗೆ ಕಲ್ಕತ್ತೆಯಿಂದ ಉಡುಗೊರೆಯಾಗಿ ಬಂದ ಮಂಚದ ಪರದೆಗಳನ್ನು 1775ರಲ್ಲಿ ಸುಂಕದವರು ವಶಪಡಿಸಿಕೊಂಡರು. ಹೀಗಿದ್ದೂ ಕದ್ದು ತರಿಸಿ ಉಡುವವರು ಉಡುತ್ತಲೇ ಇದ್ದರು.

ನಮ್ಮ ಗೌನಿಗೆ ಮಚಲೀಪಟ್ಟಣದ ಬಳಿಯ ಪೆಡನದ ಅಚ್ಚಿನ ಬಟ್ಟೆ ತರಿಸಿದೆವು. ಆಗಿನದು ಕೈಯಲ್ಲಿ ಬರೆದದ್ದು, ಇದು ಅಚ್ಚಿನದು. ಅಷ್ಟು ರಾಜಿ ಮಾಡಿಕೊಂಡದ್ದು ನಿಜ. ಅಮ್ಮನ ಮಾತಿನಂತೆ ಉದ್ದ ಹೊಲಿಗೆ ಹಾಕಿ, ಅಂಚನ್ನು ಒಳಗೇ ಬಿಟ್ಟೆವು. ಅಮೆರಿಕದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಸಂಗ್ರಹಾಲಯದ ನುರಿತ ಹೆಂಗಸರು ಕೂಡಿ ಕುಳಿತು ಇಂಥ ಗೌನನ್ನು ಒಂದೇ ದಿನದಲ್ಲಿ ಹೊಲಿದು ತೋರಿಸಿದ್ದಾರೆ. ನಮಗೆ ಹನ್ನೊಂದು ವಾರ ಹಿಡಿಯಿತು, ಅದರಲ್ಲಿ ಬಹುಪಾಲು ಅಮ್ಮನದೇ ಕೆಲಸ. ಕಾರ್ಯಕ್ರಮದ ಕೊನೆಯ ಹೆಸರುಗಳ ಪಟ್ಟಿಯಲ್ಲಿ 'ವಸ್ತ್ರವಿನ್ಯಾಸ' ಎಂಬಲ್ಲಿ ನನ್ನ ಹೆಸರೊಂದೇ ಹೋಯಿತು. ಪ್ರಸಾರವಾದ ಮೇಲೆ ಗಮನಕ್ಕೆ ಬಂತು.

ಮುಂದಿನ ಸಂಚಿಕೆ 1795ರ ಸುಮಾರಿನದು. ಅಷ್ಟು ಹೊತ್ತಿಗೆ ಗೌನಿನ ಸೊಂಟ ಎದೆಯ ಕೆಳಗೆ ಏರಿತ್ತು. ಹೊಸ ಬಟ್ಟೆಗೆ ಹಣವಿಲ್ಲ. ಈ ಭಾನುವಾರ ಅಮ್ಮ ಮತ್ತು ನಾನು ಬಿಚ್ಚಲು ಕುಳಿತೆವು. ಒಂದು ಗಂಟೆಯೊಳಗೆ ಲಂಗವೂ ಮೈಭಾಗವೂ ಬೇರೆಯಾದವು, ಬಟ್ಟೆ ಎಲ್ಲೂ ಹರಿಯಲಿಲ್ಲ. ಹೆಸರುಗಳ ಪಟ್ಟಿಯನ್ನು ಈ ಸಲ ಮೊದಲೇ ಬರೆದು ಕೊಟ್ಟಿದ್ದೇನೆ.